ಎಂಟಂಕಣದ ಒಂಬತ್ತನೆಯ ಕಂಬ

ದಾವಣಗೆರೆ
ಪರಾಭವ ಸಂವತ್ಸರ, ಇಸವಿ 2207, ಫೆಬ್ರವರಿ 30

ಹೊಸ ಕ್ರೀಡಾಂಗಣದ ಮೇಸ್ತ್ರಿ ದುರುಗಪ್ಪನವರಿಗೆ, ಮತ್ತು ಅದೇ ಕ್ರೀಡಾಂಗಣ ಸಮಿತಿಯ ಕಾರ್ಯದರ್ಶಿ ಚನ್ನಬಸಯ್ಯನವರಿಗೆ, ಖೋ ಖೋ ಕಲಿಸುವ ಹೊನ್ನೂರಮ್ಮ ಬಾತಿ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ಕೈತಪ್ಪಿ ಬರೆದದ್ದಲ್ಲ. ನನ್ನ ಅಜ್ಜಿಯ ಕಾಲದಲ್ಲಿ ಲೋಕದವರೆಲ್ಲ ಕೂತು ಕ್ಯಾಲೆಂಡರಿನ ತಿಂಗಳುಗಳನ್ನು ಸರಿಮಾಡಿದರು. ಅಲ್ಲಿಯವರೆಗೆ ಮಲಮಗಳಂತೆ ನಡೆಸಿಕೊಂಡಿದ್ದ ಫೆಬ್ರವರಿಗೂ ಆಗ ನ್ಯಾಯವಾದ ಪಾಲು ಸಿಕ್ಕಿತು. ಸಂವತ್ಸರಗಳಿಗೆ ಮಾತ್ರ ಯಾರೂ ಕೈ ಹಾಕಲಿಲ್ಲ. ಅರವತ್ತು ಸುತ್ತಿ ಮತ್ತೆ ಮೊದಲಿಗೇ ಬಂದು ನಿಲ್ಲುವುದರಲ್ಲಿ ತಿದ್ದುವುದಾದರೂ ಏನಿದೆ? ಹಾಗಾಗಿ ನಿಮ್ಮಲ್ಲೂ ಈಗ ಪರಾಭವ ಸಂವತ್ಸರ, ನಮ್ಮಲ್ಲೂ ಪರಾಭವ, ನಡುವೆ ಮೂರು ಸುತ್ತು ಕಳೆದಿವೆ ಅಷ್ಟೆ. ಜಗತ್ತಿನ ತಂಡಗಳನ್ನೆಲ್ಲ ಕರೆದು ಪಂದ್ಯಾವಳಿ ನಡೆಸಲು ನಿಮಗೆ ಸೋಲಿನ ಹೆಸರಿನ ವರ್ಷವೇ ಸಿಕ್ಕಿತೇ ಎಂದು ಕೇಳಬೇಕೆನಿಸುತ್ತದೆ. ಆದರೆ ನಾವೂ ಅದನ್ನೇ ಮಾಡಿದ್ದೇವೆ, ಆದ್ದರಿಂದ ಕೇಳುವುದಿಲ್ಲ.

ಈ ಕಾಗದ ನಿಮ್ಮ ಕೈಗೆ ಹೇಗೆ ಬಂತೆಂದು ಮೊದಲು ಹೇಳಬೇಕು. ನಮ್ಮಲ್ಲಿ ಹಿಂಚೆ ಎಂಬ ಏರ್ಪಾಡು ಇದೆ. ಹಿಂದಕ್ಕೆ ಹೋಗುವ ಅಂಚೆ ಅದು. ಬರೆದ ಸಂವತ್ಸರದ ಹೆಸರೇ ಇರುವ ಹಳೆಯ ಸಂವತ್ಸರಕ್ಕೆ ಮಾತ್ರ ಇಳಿಯುತ್ತದೆ, ಮತ್ತು ಒಬ್ಬರಿಗೆ ಬಾಳಿನಲ್ಲಿ ಒಂದೇ ಸಲ ಬರೆಯಲು ಅವಕಾಶ. ಅದು ಹೇಗೆ ಕೆಲಸ ಮಾಡುತ್ತದೆಂದು ನನ್ನನ್ನು ಕೇಳಬೇಡಿ. ನಿಮ್ಮ ಜೇಬಿನಲ್ಲಿರುವ ಮೊಬೈಲಿನ ಒಳಗುಟ್ಟು ನಿಮಗೆಷ್ಟು ಗೊತ್ತೋ, ಹಿಂಚೆಯದು ನನಗೂ ಅಷ್ಟೇ ಗೊತ್ತು. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡ ಕಲಿಯಲು ನಾನು ಹಳೆಯ ಪತ್ರಿಕೆಗಳ ಕ್ರೀಡಾಪುಟಗಳನ್ನು ಓದಿದೆ. ಯಾರೋ ಯಾರನ್ನೋ ಮಣಿಸಿ ಗೆಲುವಿನ ನಗೆ ಬೀರುವುದು, ಮತ್ಯಾರೋ ಮೊದಲ ಸುತ್ತಿನಲ್ಲೇ ಮುಗ್ಗರಿಸುವುದು, ಇಷ್ಟು ನನಗೆ ಚೆನ್ನಾಗಿ ಬರುತ್ತದೆ. ಉಳಿದದ್ದನ್ನು ಅಂದಾಜಿನ ಮೇಲೆ ಬರೆಯುತ್ತಿದ್ದೇನೆ.

ನಿಮ್ಮನ್ನು ಏನೆಂದು ಕರೆಯಬೇಕು ಎಂಬುದೂ ಒಂದು ತೊಡಕಾಯಿತು. ಲೆಕ್ಕದಲ್ಲಿ ನೀವು ನನ್ನ ಅಜ್ಜನ ಅಜ್ಜನಿಗೂ ಹಿರಿಯರು. ಆದರೆ ಇದನ್ನು ಓದುವ ಹೊತ್ತಿಗೆ ಮೇಸ್ತ್ರಿಗೆ ನಲವತ್ತರ ಆಸುಪಾಸು, ಕಾರ್ಯದರ್ಶಿಗೆ ಐವತ್ತು ಇದ್ದೀತು. ನನಗೆ ಅರವತ್ತು ದಾಟಿದೆ. ಅಜ್ಜಾ ಎಂದರೆ ನೀವು ನಗುತ್ತೀರಿ, ತಮ್ಮಾ ಎಂದರೆ ನನ್ನ ಹಿರೀಕರು ಮುನಿಯುತ್ತಾರೆ. ಮೇಸ್ತ್ರಿಗಳೇ, ಕಾರ್ಯದರ್ಶಿಗಳೇ ಎಂದೇ ಕರೆದುಬಿಡುತ್ತೇನೆ.

ನಿಮ್ಮಿಬ್ಬರ ವಿಷಯ ನಮಗೆ ತಿಳಿದಿರುವುದೆಲ್ಲ ಒಂದು ನಗೆಮಾತಿನಿಂದ. ಈ ಊರಿನ ಮಕ್ಕಳು ಅಮ್ಮ, ಅಪ್ಪ ಕಲಿತ ಮೇಲೆ ಕಲಿಯುವುದು ಅದನ್ನೇ. ಹೇಳುತ್ತೇನೆ, ತಪ್ಪಿದ್ದರೆ ತಿದ್ದಿಕೊಳ್ಳಿ. ಕ್ರೀಡಾಂಗಣದ ಕೆಲಸ ಭರದಿಂದ ಸಾಗಿತ್ತು. ಖೋ ಖೋ ಪಂದ್ಯಾವಳಿಗೆ ಬರುವ ಪರದೇಶದ ತಂಡಗಳು ಅಭ್ಯಾಸ ಮಾಡಲು ಪೂರ್ವದ ಗ್ಯಾಲರಿಯ ಹಿಂದೆ ಎಂಟು ಅಂಕಣ ಇರಬೇಕೆಂದು ಸಮಿತಿ ತೀರ್ಮಾನಿಸಿತು. ಕಾರ್ಯದರ್ಶಿಗಳು ರಾಜಧಾನಿಗೆ ಹೊರಟು ನಿಂತಿದ್ದರು, ಹೋಗುವ ಅವಸರದಲ್ಲೇ ಮೇಸ್ತ್ರಿಗೆ ಫೋನು ಮಾಡಿದರು. ಮೇಸ್ತ್ರಿಯ ಪಕ್ಕದಲ್ಲಿ ಕಾಂಕ್ರೀಟ್ ಮಿಕ್ಸರು ಗಡಗಡ ಎನ್ನುತ್ತಿತ್ತು.

“ಮೇಸ್ತ್ರೀ, ಗ್ಯಾಲರಿ ಹಿಂದುಗಡೆ ಎಂಟಂಕಣ ಆಗ್ಬೇಕು ನೋಡ್ರಿ, ಜಲ್ದಿ.”

“ಎಂಟಂಕಣನಾ? ಕಂಬ ಎಂಥವು ಹಾಕಣ್ರಿ?”

“ಕಂಬ ಇಲ್ದೆ ಖೋ ಖೋ ಹೆಂಗಾಡ್ತಾರಪ್ಪ? ಗಟ್ಟಿ ಇರೋವು ಹಾಕು. ಹುಡುಗ್ರು ಹಿಡ್ಕಂಡು ತಿರುಗ್ತಾರೆ.”

“ಗಟ್ಟಿ ಅಂದ್ರೆ ಕಲ್ಲೇ ಸೈ ಬಿಡ್ರಿ.”

ಕಾರ್ಯದರ್ಶಿಗೆ ಅಂಕಣವೆಂದರೆ ಸುಣ್ಣದ ಗೆರೆ ಎಳೆದು ಆಡುವ ಜಾಗ, ಕ್ರೀಡಾಪುಟದಲ್ಲಿ ಬರುವ ಅಂಕಣ. ಮನೆ ಕಟ್ಟುವ ಮನೆತನದಲ್ಲಿ ಹುಟ್ಟಿದ ಮೇಸ್ತ್ರಿಗೆ ಅಂಕಣವೆಂದರೆ ಕಂಬದಿಂದ ಕಂಬಕ್ಕೆ ನಡುವಿನ ಜಾಗ. ಆರಂಕಣದ ಮನೆ, ಹತ್ತಂಕಣದ ಮನೆ ಎಂದು ಊರವರು ಅಳತೆ ಹೇಳುತ್ತಾರಲ್ಲ, ಆ ಅಂಕಣ. ಕಾರ್ಯದರ್ಶಿಗಳು ಮರಳಿ ಬಂದು ನೋಡಿದರೆ ಗ್ಯಾಲರಿಯ ಹಿಂದೆ ಸಾಲಾಗಿ ಒಂಬತ್ತು ಕಲ್ಲುಕಂಬ ನಿಂತಿವೆ, ಮೇಲೆ ಕಲ್ಲುಚಪ್ಪಡಿಯ ಮಾಡು ಕೂತಿದೆ.

“ಇದೇನ್ರಿ ಮೇಸ್ತ್ರೀ?”

“ಎಂಟಂಕಣ. ಎಣಿಸ್ಕಳ್ರಿ.”

ನಗೆಮಾತು ಇಲ್ಲಿಗೆ ಮುಗಿಯುತ್ತದೆ. ಒಂದು ಹೇಳಿದರೆ ಇನ್ನೊಂದು ಮಾಡಿಟ್ಟವರನ್ನು ಈಗಲೂ ಈ ಊರಿನಲ್ಲಿ ‘ಎಂಟಂಕಣ ಕಟ್ಟಿದ’ ಎನ್ನುತ್ತಾರೆ. ಉಪ್ಪು ತಾ ಎಂದರೆ ಸಕ್ಕರೆ ತಂದ ಗಂಡನಿಗೂ ಅದೇ ಬೈಗುಳ. ಆಮೇಲೆ ಯಾರೋ ಒಂದು ಬಾಲ ಸೇರಿಸಿದ್ದಾರೆ. ಅಂದಿನಿಂದ ನೀವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲವಂತೆ, ಮಾತು ಬಿಟ್ಟವರು ಬಿಟ್ಟೇಬಿಟ್ಟಿರಂತೆ. ಬಾಲ ನಿಜವೋ ಸುಳ್ಳೋ ನನಗೆ ತಿಳಿಯದು. ನಿಜವಾಗಿದ್ದರೆ ಈ ಕಾಗದ ನಿಮಗೆ ತುಸು ಕಷ್ಟ ಕೊಡುತ್ತದೆ, ಏಕೆಂದರೆ ನಾನು ಕೇಳಲಿರುವ ಕೆಲಸಕ್ಕೆ ಇಬ್ಬರೂ ಒಂದೇ ಕಂಬದ ಬಳಿ ಬಂದು ನಿಲ್ಲಬೇಕು.

ಈಗ ನಮ್ಮ ದಿನ ಹೇಗಿದೆ ಎಂದು ಹೇಳದೆ ನನ್ನ ಕೋರಿಕೆ ನಿಮಗೆ ಅರ್ಥವಾಗುವುದಿಲ್ಲ. ಬೆಳಗಿನ ತಿಂಡಿ ಮುಗಿಯುವ ಹೊತ್ತಿಗೆ ಊರಿನ ಗಂಟೆ ಬಾರಿಸುತ್ತದೆ. ಅಲ್ಲಿಂದ ಸಂಜೆಯ ಗಂಟೆಯವರೆಗೆ ಸುಡುಜಾವ. ಆ ಹೊತ್ತಿನಲ್ಲಿ ಬಿಸಿಲಿಗೆ ಕಾಲಿಡುವುದು ಕಾನೂನಿಗೂ ವಿರೋಧ, ಮೈಗೂ ವಿರೋಧ. ನಮ್ಮ ಮನೆಗಳು ಅರ್ಧ ನೆಲದೊಳಗಿವೆ. ಭದ್ರಾ ನಾಲೆಗೆ ಉದ್ದಕ್ಕೂ ಮುಚ್ಚಳ ಹಾಕಿದ್ದೇವೆ, ಇಲ್ಲದಿದ್ದರೆ ನೀರು ಊರು ಮುಟ್ಟುವ ಮೊದಲೇ ಆವಿಯಾಗುತ್ತದೆ. ಮಂಡಕ್ಕಿ ಭಟ್ಟಿಗಳಿಗೆ ಈಗ ಸೌದೆಯಿಲ್ಲ, ಹೊಟ್ಟಿಲ್ಲ, ಕನ್ನಡಿ ಹಿಡಿದು ಬಿಸಿಲಿನಲ್ಲೇ ಹುರಿಯುತ್ತಾರೆ. ಹಾಳು ಬಿಸಿಲು ಅದೊಂದಕ್ಕಾದರೂ ಬಂತಲ್ಲ ಎಂದು ಭಟ್ಟಿಯವರು ಹೇಳಿಕೊಳ್ಳುತ್ತಾರೆ. ಮಂಡಕ್ಕಿ ಮೆಣಸಿನಕಾಯಿ ಇನ್ನೂ ಇದೆ, ಗಾಬರಿಯಾಗಬೇಡಿ. ಬೆಣ್ಣೆ ದೋಸೆಗೆ ಮಾತ್ರ ಬೆಣ್ಣೆ ಹಬ್ಬಕ್ಕೊಮ್ಮೆ.

ಇಂಥ ದಿನಗಳಲ್ಲಿ ಮಕ್ಕಳು ಎಲ್ಲಿ ಓಡಬೇಕು? ಬೇರೆ ಊರುಗಳಲ್ಲಿ ತಂಪುಕೋಣೆಯೊಳಗೆ ಓಡುಪಟ್ಟಿ ಇಟ್ಟಿದ್ದಾರೆ. ಮಗು ಅದರ ಮೇಲೆ ನಿಂತರೆ ಪಟ್ಟಿ ಹಿಂದಕ್ಕೆ ಸರಿಯುತ್ತದೆ, ಮಗು ಇದ್ದಲ್ಲೇ ಓಡುತ್ತದೆ, ಸರದಿ ಮುಗಿದ ಮೇಲೆ ಇನ್ನೊಂದು ಮಗು ಹತ್ತುತ್ತದೆ. ಆ ಮಕ್ಕಳ ಕಾಲು ಗಟ್ಟಿಯಾಗಿವೆ, ಸುಳ್ಳು ಹೇಳಬಾರದು. ಆದರೆ ಅವರಿಗೆ ಓಡುವುದು ಗೊತ್ತೇ ಹೊರತು ಅಟ್ಟಿಸಿಕೊಂಡು ಹೋಗುವುದು ಗೊತ್ತಿಲ್ಲ. ತಪ್ಪಿಸಿಕೊಳ್ಳುವುದು ಗೊತ್ತಿಲ್ಲ. ಒಬ್ಬರ ಬೆನ್ನು ಮುಟ್ಟಿ, ನನ್ನಿಂದಾಗದು, ಇನ್ನು ನೀನು ಏಳು ಎಂದು ಹೇಳುವುದು ಗೊತ್ತಿಲ್ಲ.

ಸುಡುಜಾವದಲ್ಲೂ ಮಕ್ಕಳು ಕೂಡಿ ಓಡುವ ಜಾಗ ಈ ಸೀಮೆಯಲ್ಲಿ ಒಂದೇ ಇದೆ. ಅದು ನಿಮ್ಮ ಎಂಟಂಕಣ. ಮೇಲೆ ದಪ್ಪ ಚಪ್ಪಡಿ, ಪಡುವಣ ಬಿಸಿಲಿಗೆ ಅಡ್ಡ ಗ್ಯಾಲರಿಯ ಬೆನ್ನುಗೋಡೆ, ಇತ್ತ ಮೇಸ್ತ್ರಿ ಕಟ್ಟಿದ ಕಿಂಡಿಗೋಡೆ, ನಟ್ಟ ನಡುವೆ ಕಂಬಸಾಲು. ಆ ಕಿಂಡಿಗಳಿಂದ ಗಾಳಿ ನುಗ್ಗಿದರೆ ಒಂಬತ್ತೂ ಕಂಬಗಳನ್ನು ಸವರಿಕೊಂಡು ಆ ತುದಿಗೆ ಹೋಗಿಯೇ ಹೊರಬೀಳುತ್ತದೆ. ಗಾಳಿ ನೋಡಿ ಕಟ್ಟಿದಿರೋ, ಜಾಗ ಸಿಕ್ಕಿದಲ್ಲಿ ಕಟ್ಟಿದಿರೋ ಯಾರಿಗೂ ಗೊತ್ತಿಲ್ಲ. ನಾನು ಅಲ್ಲೇ ಆಡಿ ಬೆಳೆದೆ, ಈಗ ಅಲ್ಲೇ ಕಲಿಸುತ್ತೇನೆ. ನನ್ನ ಹುಡುಗಿಯರಿಗೆ ಕಂಬ ತಿರುಗುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಅಂಬೆಗಾಲಿಡುವಾಗಲೇ ಆ ಕಂಬಗಳನ್ನು ಹಿಡಿದು ಎದ್ದು ನಿಂತವರು ಅವರು.

ಮುಖ್ಯವಾದ ಮಾತು ಇನ್ನೂ ಹೇಳಿಲ್ಲ. ಖೋ ಖೋದಲ್ಲಿ ಅಟ್ಟುವ ತಂಡದಲ್ಲಿ ಒಂಬತ್ತು ಮಂದಿ ಇರುತ್ತಾರೆ. ಎಂಟು ಜನ ನಡುಗೆರೆಯಲ್ಲಿ ತಮ್ಮ ತಮ್ಮ ಚೌಕದಲ್ಲಿ ಕೂರುತ್ತಾರೆ, ಒಬ್ಬರು ಓಡುತ್ತಾರೆ. ನಿಮ್ಮ ಕಂಬಸಾಲಿನಲ್ಲಿ ಎಂಟು ಅಂಕಣ. ಒಂದೊಂದು ಅಂಕಣದಲ್ಲಿ ಒಬ್ಬಳು ಕೂತರೆ ಎಂಟು ಜನಕ್ಕೆ ಸರಿಯಾಗಿ ಜಾಗ. ಮೊದಲ ಕಂಬದಿಂದ ಕೊನೆಯ ಕಂಬಕ್ಕೆ ಇರುವ ದೂರ ಆಟದ ಎರಡು ಕಂಬಗಳ ನಡುವಿನ ದೂರಕ್ಕೆ ಹೆಚ್ಚುಕಡಿಮೆ ಸಮ. ಅಗಲ ಸಾಲದು, ಒಪ್ಪುತ್ತೇನೆ. ಆದರೂ ಕಾರ್ಯದರ್ಶಿಗಳು ಕೇಳಿದ ಅಂಕಣವೂ ಅದೇ ಆಯಿತು, ಮೇಸ್ತ್ರಿ ಕಟ್ಟಿದ ಅಂಕಣವೂ ಅದೇ ಆಯಿತು. ಎಂಟು ಕೇಳಿದ್ದರು, ಎಂಟು ಕೂಡಿ ಒಂದು ಬಂತು ಅಷ್ಟೆ. ಜಗಳ ತಂದ ಆ ಅಂಕಣವೆಂಬ ಮಾತೇ ನಿಮಗಿಂತ ಜಾಣತನ ತೋರಿಸಿತು ಎಂದು ನಾನು ಹುಡುಗಿಯರಿಗೆ ಹೇಳುತ್ತಿರುತ್ತೇನೆ.

ಇನ್ನು ನಮ್ಮ ಸಂಕಟಕ್ಕೆ ಬರುತ್ತೇನೆ. ನಿಮ್ಮ ಪಂದ್ಯಾವಳಿ ಆದ ಮೇಲೆ ಇಷ್ಟು ಕಾಲಕ್ಕೆ ಜಗತ್ತಿನ ಖೋ ಖೋ ಕೂಟ ಮತ್ತೆ ದಾವಣಗೆರೆಗೆ ಬರುತ್ತಿದೆ. ಅದು ಬರಲೆಂದು ನಾನು ಪಟ್ಟ ಪಾಡು ಒಂದೆರಡಲ್ಲ. ಕಂಡಕಂಡವರ ಬಾಗಿಲು ತಟ್ಟಿ, ಹಳೆಯ ಕ್ರೀಡಾಂಗಣಕ್ಕೆ ಹೊಸ ಮಾಡು ಹೊದಿಸಿ, ತಂಪು ನೆಲ ಹಾಸಿಸಿ ಈ ಹಂತಕ್ಕೆ ತಂದಿದ್ದೇವೆ. ಹಾಗಾಗಿ ಕೂಟ ಬೇಡವೆಂದು ಕೂಗುವವರ ಪೈಕಿ ನಾನಲ್ಲ. ನನಗೆ ಕೂಟವೂ ಬೇಕು, ಕಂಬಗಳೂ ಬೇಕು. ಆಸೆಬುರುಕಿ ಎನ್ನಿ ಬೇಕಾದರೆ.

ತಪಾಸಣೆಗೆ ಬಂದ ಅಧಿಕಾರಿ ಅಬೆನಾ ಎಂಬ ಹೆಂಗಸು. ದೂರದ ಆಫ್ರಿಕಾದವರು, ನ್ಯಾಯದ ಮನುಷ್ಯೆ. ತಂಡಗಳು ಆಟಕ್ಕಿಳಿಯುವ ಮೊದಲು ಕಾಯುವ ಜಾಗ ಎಂಟಂಕಣವೇ ಆಗಬೇಕು, ಆದರೆ ಅಲ್ಲಿ ಕಂಬಗಳಿರಕೂಡದು, ಚಪ್ಪಡಿ ಇಳಿಸಿ ಕಂಬವಿಲ್ಲದ ಮಾಡು ಹೊದಿಸಬೇಕು ಎಂಬುದು ಕೂಟದ ಪಟ್ಟು. ನಮ್ಮಲ್ಲಿ ಆಟ ತೋರಿಸಲು ನೋಟನೊಣಗಳನ್ನು ಬಿಡುತ್ತಾರೆ. ನೊಣದಷ್ಟೇ ಇರುವ ಹಾರುವ ಕ್ಯಾಮೆರಾಗಳು ಅವು. ಕಂಬ ಅಡ್ಡಬಂದರೆ ಡಿಕ್ಕಿ ಹೊಡೆದು ಬೀಳುತ್ತವೆ. ನೊಣಕ್ಕಾಗಿ ಕಂಬ ಕೀಳುವ ಕಾಲ ಬಂತು ನೋಡಿ. ಆದರೂ ಕೂಟದ ನಿಯಮದಲ್ಲೇ ಒಂದು ಬಾಗಿಲಿತ್ತು. ಹಿಂದಿನವರು ತಿಳಿದು, ಬೇಕೆಂದು ಮಾಡಿದ್ದನ್ನು ಕೂಟಕ್ಕಾಗಿ ಕೆಡವುವಂತಿಲ್ಲ. ತಪ್ಪಿನಿಂದ ಆದದ್ದನ್ನು ಕೆಡವಬಹುದು. ಕಲ್ಲುಕಂಬ, ಅಷ್ಟು ಹಳೆಯದು, ಅಷ್ಟು ನೇರಸಾಲು, ಇದನ್ನು ತಪ್ಪು ಎಂದು ಯಾರೂ ಹೇಳಲಾರರು ಎಂದು ನಾನು ನಿಶ್ಚಿಂತಳಾಗಿದ್ದೆ.

ಹೇಳಿದವರು ನಮ್ಮವರೇ. ನಗರದ ಮುಖ್ಯಸ್ಥ ಬಕ್ಕೇಶಪ್ಪ ಅಧಿಕಾರಿಯನ್ನು ಊಟಕ್ಕೆ ಕರೆದಿದ್ದ. ಕೆಟ್ಟವನಲ್ಲ, ನಾಲಿಗೆ ಮಾತ್ರ ಸಡಿಲ. ಅತಿಥಿ ಮೌನವಾಗಿ ಉಣ್ಣುತ್ತಿರುವುದನ್ನು ನೋಡಿ ಅವನಿಗೆ ತಡೆಯಲಾಗಲಿಲ್ಲ. “ನಿಮಗೊಂದು ತಮಾಷೆ ಹೇಳ್ಲೇನ್ರಿ ಮೇಡಮ್?” ಎಂದು ಶುರುಮಾಡಿ ನಿಮ್ಮಿಬ್ಬರ ಕತೆಯನ್ನು ಮಿಕ್ಸರಿನ ಸದ್ದಿನ ಸಮೇತ ಹೇಳಿದ. ಎಣಿಸ್ಕಳ್ರಿ ಎನ್ನುವಾಗ ಎದ್ದು ನಿಂತೇ ಹೇಳಿದನಂತೆ. ಪಂಕ್ತಿಯೆಲ್ಲ ನಕ್ಕಿತು. ಅಬೆನಾ ಕೂಡ ನಕ್ಕರು. ಕೈ ತೊಳೆದು ಬಂದು, ಮಾತುಗನ್ನಡಿಯ ಮುಂದೆ ಒಂದೇ ಮಾತು ಹೇಳಿದರು. ಮಾತುಗನ್ನಡಿ ಎಂದರೆ ಒಂದು ನುಡಿಯನ್ನು ಇನ್ನೊಂದಕ್ಕೆ ತಿರುಗಿಸುವ ಸಾಧನ, ಅದಕ್ಕೆ ಬರುವುದು ಗ್ರಾಂಥಿಕ ಕನ್ನಡ ಮಾತ್ರ. “ಹಾಗಾದರೆ ಅದು ಪ್ರಮಾದವಶಾತ್ ನಿರ್ಮಿತವಾದದ್ದು ಎಂದಾಯಿತು” ಎಂದಿತು ಮಾತುಗನ್ನಡಿ. ನಗೆ ಅಲ್ಲಿಗೇ ನಿಂತಿತು. ಬಕ್ಕೇಶಪ್ಪ ಅಂದಿನಿಂದ ನನ್ನ ಕಣ್ಣಿಗೆ ಬೀಳದಂತೆ ಸಂದಿಗೊಂದಿಯಲ್ಲಿ ಓಡಾಡುತ್ತಿದ್ದಾನೆ. ಒಳ್ಳೆಯ ತಮಾಷೆಗಾಗಿ ಊರನ್ನೇ ಒತ್ತೆಯಿಡುವ ಜನ ನಾವು. ನಿಮ್ಮ ಕಾಲದಲ್ಲೂ ಹೀಗೇ ಇದ್ದರೇ?

ನಾನು ಅಬೆನಾ ಅವರ ಎದುರು ಕೂತು ವಾದಿಸಿದೆ. ಕಟ್ಟಿದ್ದು ತಪ್ಪಿನಿಂದ ಇರಬಹುದು, ಉಳಿಸಿಕೊಂಡದ್ದು ತಪ್ಪಿನಿಂದ ಎಂದು ಹೇಗೆ ಹೇಳುತ್ತೀರಿ ಎಂದು ಕೇಳಿದೆ. ಪಂದ್ಯಾವಳಿ ಎದುರಿಗಿತ್ತು, ಸಮಿತಿ ಒಡೆಸಬಹುದಿತ್ತು, ಒಡೆಸಲಿಲ್ಲ. ಅವರು ತಲೆಯಾಡಿಸಿದರು. ಪುರುಸೊತ್ತಿಲ್ಲದೆ ಬಿಟ್ಟರೋ, ಬೇಕೆಂದು ಬಿಟ್ಟರೋ, ಅದಕ್ಕೆ ಗುರುತು ತೋರಿಸಿ ಎಂದರು. ಬರುವ ಸೋಮವಾರ ಎಂಟಂಕಣದಲ್ಲೇ ಸಭೆ. ಅಂದು ಗುರುತು ಸಿಕ್ಕರೆ ಕಂಬ ಉಳಿಯುತ್ತವೆ, ಇಲ್ಲದಿದ್ದರೆ ಮಂಗಳವಾರ ಯಂತ್ರ ಬರುತ್ತದೆ.

ನನ್ನ ಜೀವಮಾನದ ಒಂದೇ ಹಿಂಚೆಯನ್ನು ಇದಕ್ಕೆ ಬಳಸಲು ನಿಶ್ಚಯಿಸಿ ಅಲ್ಲಿಗೆ ಹೋದೆ. ಹಿಂಚೆಯನ್ನು ನಡೆಸುವವಳು ನಾಗವೇಣಿ ಎಂಬ ಗಂಭೀರ ಹೆಣ್ಣು. ಅವಳು ನನಗೆ ಕಟ್ಟಳೆ ತಿಳಿಸಿದಳು.

“ಎಲ್ಲಾರೂ ಬರದು ಒಂದೇ ಬರಿಯಕ್ಕೆ, ಬಿಸ್ಲು ಏರ್ಸಬ್ಯಾಡ್ರಪ್ಪಾ ಅಂತ. ನಾನೇನ್ ಮಾಡ್ಲವ್ವ, ಆ ಬಿಸ್ಲು ನಾವು ನೋಡಿಬಿಟ್ಟೀವಿ. ನೋಡಿದ್ದು ಮುಗೀತು, ಅದನ್ನ ಬದ್ಲಾಯ್ಸಕ್ಕಾಗಲ್ಲ. ಯಾರೂ ನೋಡ್ದೇ ಇರೋದು ಏನಾದ್ರೂ ಐತಾ, ಅದನ್ನ ಕೇಳು.”

ಅವಳ ಮಾತು ಕೇಳಿ ನನಗೆ ಅಳು ಬಂತು, ಅತ್ತೆ. ಆಮೇಲೆ ಮೂಗು ಒರೆಸಿಕೊಂಡು ಯೋಚಿಸಿದೆ. ಯಾರೂ ನೋಡದ ಜಾಗ ನಮ್ಮಲ್ಲಿ ಒಂದಿದೆ. ಕಂಬಗಳಿಗೆ ನಾವು ವರ್ಷವರ್ಷವೂ ತಂಪುಸುಣ್ಣ ಬಳಿಯುತ್ತೇವೆ, ಬಿಸಿಲನ್ನು ಹಿಂದಕ್ಕೆ ತಳ್ಳುವ ಬಿಳಿ ಗಾರೆ ಅದು. ತಲೆಮಾರುಗಳಿಂದ ಬಳಿದೂ ಬಳಿದೂ ರೊಟ್ಟಿಯ ಮೇಲೆ ರೊಟ್ಟಿ ಪೇರಿಸಿದಂತೆ ದಪ್ಪವಾಗಿದೆ. ಅದರಡಿಯ ಕಲ್ಲನ್ನು ಈಗ ಬದುಕಿರುವ ಯಾರೂ ಕಂಡಿಲ್ಲ, ಅದು ಹೇಗಿತ್ತೆಂದು ಹಿಂದಿನವರು ಹೇಳಿಟ್ಟದ್ದೂ ಇಲ್ಲ. ಅಲ್ಲಿ ಏನಿದೆ ಎಂಬುದು ಇನ್ನೂ ನಿಮ್ಮ ಕೈಯಲ್ಲಿದೆ.

ನನ್ನ ಕೋರಿಕೆ ಇಷ್ಟೇ. ಒಂಬತ್ತನೆಯ ಕಂಬ, ಅಂದರೆ ತೆಂಕಣ ತುದಿಯದು. ಅದರ ಹೊರಮುಖದಲ್ಲಿ, ಕೂತ ಆಟಗಾರ್ತಿಯ ಬೆನ್ನು ಬರುವ ಎತ್ತರದಲ್ಲಿ, ‘ತಿಳಿದೇ ಬಿಟ್ಟಿದ್ದು’ ಎಂದು ಕೆತ್ತಿ. ಕೆಳಗೆ ಇಬ್ಬರ ಹೆಸರೂ ಇರಲಿ. ಹೇಳಿದವರದೂ ಬೇಕು, ಕಟ್ಟಿದವರದೂ ಬೇಕು, ಒಬ್ಬರದೇ ಇದ್ದರೆ ಅಬೆನಾ ಒಪ್ಪುವುದಿಲ್ಲ. ಉಳಿ ಹಿಡಿಯುವುದು ಮೇಸ್ತ್ರಿಯ ಕೆಲಸ. ಅಕ್ಷರ ತಪ್ಪದಂತೆ ನೋಡಿಕೊಳ್ಳುವುದು ಕಾರ್ಯದರ್ಶಿಗಳ ಕೆಲಸ. ಕಂಬಗಳನ್ನು ನೀವು ಒಡೆಯುವುದಿಲ್ಲ ಎಂಬುದು ನನಗೆ ಗೊತ್ತೇ ಇದೆ, ನನ್ನ ಬೆನ್ನು ಈಗ ಆ ಕಂಬಕ್ಕೇ ಒರಗಿದೆ. ಏಕೆ ಒಡೆಯಲಿಲ್ಲ ಎಂಬುದೊಂದು ಗೊತ್ತಿಲ್ಲ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ನಾನು ಸುಳ್ಳು ಬರೆಯಿರಿ ಎನ್ನುತ್ತಿಲ್ಲ. ಒಡೆಯಲು ಆಳು ಸಿಗಲಿಲ್ಲ, ದಿನ ಉಳಿದಿರಲಿಲ್ಲ, ಬ್ಯಾನರು ಕಟ್ಟಿ ಮುಚ್ಚಿಬಿಡೋಣ ಎಂದಾಯಿತು ಎನ್ನುವುದೇ ನಿಜವಾದರೆ ಕಲ್ಲನ್ನು ಮುಟ್ಟಬೇಡಿ, ಖಾಲಿ ಬಿಡಿ. ಸುಳ್ಳಿನ ಮೇಲೆ ನನ್ನ ಹುಡುಗಿಯರನ್ನು ಕೂರಿಸಲಾರೆ. ಆದರೆ ಬರೆಯುವ ಮುಂಚೆ, ಬಿಡುವ ಮುಂಚೆ, ಒಂದು ಮಧ್ಯಾಹ್ನ ಇಬ್ಬರೂ ಅಲ್ಲಿಗೆ ಹೋಗಿ. ನಿಮ್ಮ ಬಿಸಿಲೂ ಸಣ್ಣದೇನಲ್ಲ ಎಂದು ಓದಿದ್ದೇನೆ. ಕಾರ್ಯದರ್ಶಿಗಳೇ, ನೀವು ಹುಡುಗರಾಗಿದ್ದಾಗ ಖೋ ಖೋ ಆಡಿದವರು ಎಂದು ಕತೆಯಲ್ಲಿ ಬರುತ್ತದೆ. ಒಂದು ಅಂಕಣದಲ್ಲಿ ಹಳೆಯ ಅಭ್ಯಾಸದಂತೆ ಮೊಣಕಾಲು ಮಡಿಸಿ ಕೂತು ಅತ್ತಿತ್ತ ನೋಡಿ. ಎಡಕ್ಕೂ ಬಲಕ್ಕೂ ಇನ್ನೆಷ್ಟು ಜನ ಕೂರಬಹುದೆಂದು ಲೆಕ್ಕ ಹಾಕಿ. ಆಡಿದವರ ಕಣ್ಣಿಗೆ ಅದು ಬೀಳದೆ ಇರಲಾರದು. ಮೇಸ್ತ್ರಿಗಳೇ, ಅವರ ಮುಖ ನೋಡುತ್ತಿರಿ. ಅವರು ನಕ್ಕರೆ ಉಳಿ ಎತ್ತಿಕೊಳ್ಳಿ.

ಸೋಮವಾರದವರೆಗೆ ಆ ಕಂಬವನ್ನು ಯಾರೂ ಕೆರೆಯದಂತೆ ಕಾಯುವುದು ದೊಡ್ಡ ಕೆಲಸವಾಗಿದೆ. ಮೊದಲೇ ಕೆರೆದರೆ ಎರಡು ಕೇಡು. ಕಲ್ಲು ಕಂಡುಬಿಟ್ಟರೆ ನಿಮ್ಮ ಕೈ ಕಟ್ಟಿದಂತೆ, ಮತ್ತು ಅಕ್ಷರ ಸಿಕ್ಕರೂ ಹೊನ್ನೂರಮ್ಮನೇ ಕೆತ್ತಿಟ್ಟಳು ಎನ್ನುತ್ತಾರೆ. ಆದ್ದರಿಂದ ನನ್ನ ತಂಡದವರು ಸರದಿಯ ಮೇಲೆ ಆ ಕಂಬಕ್ಕೆ ಬೆನ್ನು ಕೊಟ್ಟು ಕೂತಿದ್ದಾರೆ. ನಾಯಕಿ ಕರಿಬಸಮ್ಮ ನೇರ ಮಾತಿನವಳು. ನಿನ್ನೆ ನನ್ನನ್ನು ಕೇಳಿದಳು, “ಅಕ್ಕಾ, ಎಲ್ಲಾರ ಮುಂದೆ ಕೆರೆದ ಮ್ಯಾಲೆ ಬರೀ ಕಲ್ಲು ಬಂದ್ರೆ? ನಿನ್ ಹೆಸ್ರಾಗೂ ಒಂದು ತಮಾಷೆ ಹುಟ್ಟುತ್ತೆ ನೋಡು.”

ಹುಟ್ಟಲಿ. ಈ ಊರಿಗೆ ನೂರೆಂಬತ್ತು ವರ್ಷದಿಂದ ಒಂದೇ ತಮಾಷೆ, ಇನ್ನೊಂದು ಬೇಕಾಗಿಯೂ ಇತ್ತು. ನನಗೆ ಭಯವಿಲ್ಲ ಎಂದಲ್ಲ. ಇದೆ. ಆದರೆ ಕರಿಬಸಮ್ಮನಿಗೆ ಉತ್ತರ ಹೇಳುತ್ತಿರುವಾಗಲೇ ನನಗೊಂದು ದಾರಿ ಕಂಡಿತು, ಅದನ್ನು ನಿಮಗೂ ತಿಳಿಸುತ್ತೇನೆ. ಸೋಮವಾರ ನಾನು ಸಭೆಯ ಎದುರು ಸುಣ್ಣ ಕೆರೆಯುತ್ತೇನೆ. ಅಕ್ಷರವಿದ್ದರೆ ಓದುತ್ತೇನೆ. ಇಲ್ಲದಿದ್ದರೆ ಸೊಂಟದಲ್ಲಿ ಉಳಿ ಸುತ್ತಿಗೆ ಇರುತ್ತದೆ. ಅಲ್ಲೇ, ಅಬೆನಾ ಅವರ ಎದುರಿಗೇ, ಅದೇ ಮಾತನ್ನು ನಾನು ಕೆತ್ತುತ್ತೇನೆ, ಆ ದಿನದ ತಾರೀಖು ಹಾಕಿ, ನನ್ನ ಹೆಸರು ಹಾಕಿ. ಹಿಂದಿನವರು ತಿಳಿಯದೆ ಬಿಟ್ಟಿದ್ದರೆ ಇಂದಿನವರು ತಿಳಿದೇ ಬಿಡುತ್ತಿದ್ದೇವೆ. ಹಿಂದಿನವರು ಎಂದರೆ ನಿನ್ನೆಯವರೆಗಿನವರು ಎಲ್ಲರೂ ಸೇರುತ್ತಾರಲ್ಲ, ಮಂಗಳವಾರ ಯಂತ್ರ ಬರುವಾಗ ಸೋಮವಾರದ ನಾವೂ ಹಿಂದಿನವರೇ. ಅಬೆನಾ ಒಪ್ಪುತ್ತಾರೋ ಇಲ್ಲವೋ. ಒಪ್ಪದಿದ್ದರೆ ಎಂಟು ಅಂಕಣದಲ್ಲಿ ಎಂಟು ಹುಡುಗಿಯರು ಕೂರುತ್ತಾರೆ, ಒಂಬತ್ತನೆಯವಳಾಗಿ ನಾನಿರುತ್ತೇನೆ. ಯಂತ್ರ ನಡೆಸುವವನೂ ಚಿಕ್ಕಂದಿನಲ್ಲಿ ಅಲ್ಲೇ ಆಡಿದವನು.

ಹಾಗಿದ್ದರೆ ನಿಮಗೇಕೆ ಬರೆಯಬೇಕಿತ್ತು ಎಂದು ಕೇಳಬಹುದು. ಕೆತ್ತಲು ನನ್ನ ಕೈಯೇ ಸಾಕು, ನಿಜ. ಆದರೆ ಆ ಕಂಬದ ಮೇಲೆ ನಿಮ್ಮಿಬ್ಬರ ಹೆಸರು ಒಟ್ಟಿಗೆ ಇರುವುದನ್ನು ಕಾಣಬೇಕೆಂದು ನನಗೆ ಆಸೆ. ಇಷ್ಟು ವರ್ಷ ನಿಮ್ಮನ್ನು ನೋಡಿ ನಕ್ಕಿದ್ದೇವೆ, ನಿಮ್ಮ ನೆರಳಿನಲ್ಲೇ ಕೂತು ನಕ್ಕಿದ್ದೇವೆ. ಒಬ್ಬರಾದರೂ ನಿಮಗೆ ಉಪಕಾರ ಸ್ಮರಿಸಿದ್ದು ನನಗೆ ಗೊತ್ತಿಲ್ಲ. ಈಗ ನಾನು ಸ್ಮರಿಸುತ್ತೇನೆ. ಈ ಜಾಗ ಇರದಿದ್ದರೆ ನಾನು ಓಡುಪಟ್ಟಿಯ ಮೇಲೆ ಬೆಳೆದ ಹೆಣ್ಣಾಗಿರುತ್ತಿದ್ದೆ.

ಖೋ ಖೋದ ಎರಡು ನಿಯಮ ನಿಮಗೆ ನಾನು ಹೇಳಬೇಕಿಲ್ಲ. ಅಟ್ಟುವವರು ಒಮ್ಮೆ ಹಿಡಿದ ದಿಕ್ಕು ಬಿಟ್ಟು ಹಿಂದಕ್ಕೆ ತಿರುಗುವಂತಿಲ್ಲ. ಖೋ ಕೊಡುವವರು ಕೂತವರ ಬೆನ್ನ ಹಿಂದಿನಿಂದಲೇ ಕೊಡಬೇಕು, ಮುಂದಿನಿಂದ ಕೊಡುವಂತಿಲ್ಲ. ಹುಡುಗಿಯರು ಇವೆರಡನ್ನು ಮುರಿದಾಗಲೆಲ್ಲ ಗಂಟಲು ಹರಿಯುವಂತೆ ಗದರಿದವಳು ನಾನು. ಈಗ ಕಾಲದಲ್ಲಿ ಹಿಂದಕ್ಕೆ ತಿರುಗಿದ್ದೇನೆ, ಮುಂದಿನಿಂದ ಬಂದು ನಿಮ್ಮನ್ನು ಮುಟ್ಟುತ್ತಿದ್ದೇನೆ. ಎರಡೂ ಫೌಲು. ಅಂಪೈರು ಸೀಟಿ ಊದಲಿ, ಒಪ್ಪಿಕೊಳ್ಳುತ್ತೇನೆ.

ಆಟದಲ್ಲಿ ಅಕ್ಕಪಕ್ಕದ ಚೌಕದಲ್ಲಿ ಕೂತವರು ಒಬ್ಬರು ಈ ಕಡೆ, ಒಬ್ಬರು ಆ ಕಡೆ ಮುಖ ಮಾಡಿ ಕೂರಬೇಕು. ನೀವಿಬ್ಬರೂ ಹಾಗೆ ಕೂತಿದ್ದೀರಿ ಎಂದೇ ನಾನು ತಿಳಿದುಕೊಂಡಿದ್ದೇನೆ. ಮುಖ ತಿರುಗಿಸಿ ಕೂರುವುದು ತಪ್ಪಲ್ಲ, ಕರೆ ಬಂದಾಗ ಏಳದಿರುವುದು ತಪ್ಪು. ನನ್ನಿಂದ ಆಗುವಷ್ಟು ನಾನು ಓಡಿದ್ದೇನೆ. ಮೇಸ್ತ್ರಿಗಳೇ, ಕಾರ್ಯದರ್ಶಿಗಳೇ, ಏಳಿ.

ಖೋ.